ಮೈಸೂರು–ಮಂಡ್ಯದಿಂದ ಹೊರಟು ಬೇರೆ ಊರಿನಲ್ಲಿ ಮ್ಯಾರಥಾನ್ ಓಡುವುದು: ಟಿಕೆಟ್ ಬುಕ್ ಮಾಡುವುದರಿಂದ ಮನೆ ಸೇರುವವರೆಗೆ

ಕುಕ್ಕರಹಳ್ಳಿ ಕೆರೆ ಸುತ್ತ ಓಡುವಾಗ ನಮಗೆ ಎಲ್ಲ ಗೊತ್ತಿರುತ್ತದೆ. ಎಲ್ಲಿ ಮರದ ಬೇರು ಮೇಲೆದ್ದಿದೆ, ಎಲ್ಲಿ ನೆರಳಿದೆ, ಓಡಿ ಮುಗಿಸಿದ ಮೇಲೆ ಯಾವ ಹೋಟೆಲಿನ ಇಡ್ಲಿ ಹೊಟ್ಟೆಗೆ ಒಗ್ಗುತ್ತದೆ, ಎಲ್ಲವೂ ಗೊತ್ತು. ಬೇರೆ ಊರಿಗೆ ಓಡಲು ಹೋದರೆ ಇದ್ಯಾವುದೂ ಇರುವುದಿಲ್ಲ. ಗೊತ್ತಿಲ್ಲದ ಊರು, ಗೊತ್ತಿಲ್ಲದ ಹಾಸಿಗೆ, ಗೊತ್ತಿಲ್ಲದ ಊಟ. ಅದರ ಮೇಲೆ 42.195 ಕಿಲೋಮೀಟರ್.

ನಾನು ಮೊದಲ ಸಲ ಮುಂಬೈಗೆ ಹೋದಾಗ ಅಭ್ಯಾಸ ಚೆನ್ನಾಗಿಯೇ ಆಗಿತ್ತು. ನಾಲ್ಕು ತಿಂಗಳು ಒಂದು ಭಾನುವಾರವೂ ತಪ್ಪಿಸಿರಲಿಲ್ಲ. ಆದರೆ ರೈಲಿನಲ್ಲಿ ನಿದ್ದೆ ಬರಲಿಲ್ಲ. ಶನಿವಾರ ಬಿಬ್ (ಓಡುವಾಗ ಎದೆಗೆ ಚುಚ್ಚಿಕೊಳ್ಳುವ ನಂಬರ್ ಚೀಟಿ) ತೆಗೆದುಕೊಳ್ಳಲು ಹೋದವಳು ಅಲ್ಲೇ ನಾಲ್ಕು ಗಂಟೆ ನಿಂತು, ಸುತ್ತಾಡಿ, ಸಂಜೆ ಮರೀನ್ ಡ್ರೈವ್ ನೋಡಲು ಹೋದೆ. ರೂಮು ಸ್ಟಾರ್ಟ್ ಜಾಗದಿಂದ ತುಂಬ ದೂರ ಇತ್ತು. 28 ಕಿ.ಮೀ. ಹೊತ್ತಿಗೆ ಕಾಲು ಕಲ್ಲಾಯಿತು. ಪೆಡ್ಡರ್ ರಸ್ತೆಯ ಏರನ್ನು ಪೂರ್ತಿ ನಡೆದೇ ಹತ್ತಿದೆ. ಓಟಕ್ಕೆ ಅಂತ ಕೂಡಿಟ್ಟಿದ್ದ ಕಾಲಿನ ಶಕ್ತಿಯನ್ನು ಓಟಕ್ಕೆ ಮೊದಲೇ ಖರ್ಚು ಮಾಡಿಬಿಟ್ಟಿದ್ದೆ.

ಆಮೇಲೆ ಹತ್ತಾರು ಊರುಗಳಿಗೆ ಹೋಗಿ ಓಡಿದ್ದೇನೆ. ಈ ಬರಹದಲ್ಲಿ ಹೇಳುವುದೆಲ್ಲ ಒಂದೇ ವಿಷಯ: ಕಾಲು, ಹೊಟ್ಟೆ, ನಿದ್ದೆ ಮೂರನ್ನೂ ಉಳಿಸಿಕೊಂಡು ಸ್ಟಾರ್ಟ್ ಲೈನ್ ತಲುಪುವುದು ಹೇಗೆ ಅಂತ.

ಹಂತ 1: ಯಾವ ಓಟ?

ಹೊರಊರಿನ ಮೊದಲ ಓಟ ಫುಲ್ ಮ್ಯಾರಥಾನ್ ಆಗುವುದು ಬೇಡ. ಹಾಫ್ ಇರಲಿ, ಅಂದರೆ 21.1 ಕಿ.ಮೀ. ಊರೂ ಒಂದು ರಾತ್ರಿಯ ಪ್ರಯಾಣದೊಳಗೆ ಸಿಗುವಂತಿರಲಿ. ಆ ಲೆಕ್ಕದಲ್ಲಿ ನಮಗೆ ಮೊದಲು ಬರುವುದು ಬೆಂಗಳೂರು. ಆಮೇಲೆ ಹೈದರಾಬಾದ್, ಚೆನ್ನೈ. ಮುಂಬೈ, ದೆಹಲಿ ಅದರ ನಂತರ.

ಓಟ ಆರಿಸುವಾಗ ಎಲ್ಲರೂ ಮೆಡಲ್, ಟೀ ಶರ್ಟ್, ಫೋಟೊ ನೋಡುತ್ತಾರೆ. ನೀವು ಮೂರು ವಿಷಯ ನೋಡಿ: ಹವೆ, ಏರಿಳಿತ, ಸ್ಟಾರ್ಟ್ ಸಮಯ.

ಹವೆ ಅಂದರೆ ಬರೀ ಬಿಸಿಲಲ್ಲ. ಜನವರಿ ಮುಂಜಾನೆ ಮೈಸೂರಿನಲ್ಲಿ ಚಳಿ ಇರುತ್ತದೆ, ಗಾಳಿ ಒಣಗಿರುತ್ತದೆ. ಬೆವರು ಬಂದ ಹಾಗೇ ಆರುತ್ತದೆ, ಮೈ ತಣ್ಣಗಾಗುತ್ತದೆ. ಮುಂಬೈ, ಚೆನ್ನೈ ಸಮುದ್ರದ ಪಕ್ಕದ ಊರುಗಳು. ಗಾಳಿಯಲ್ಲೇ ನೀರು ತುಂಬಿರುವುದರಿಂದ ಬೆವರು ಆರುವುದಿಲ್ಲ, ಸುಮ್ನೆ ಸುರಿಯುತ್ತದೆ. ಮೈ ಬಿಸಿ ಏರುತ್ತಾ ಹೋಗುತ್ತದೆ, ಎದೆಬಡಿತವೂ ಏರುತ್ತದೆ. ಅದೇ ವೇಗಕ್ಕೆ ಅಲ್ಲಿ ಜಾಸ್ತಿ ಶ್ರಮ ಬೇಕು. ಮುಂಬೈ ಮ್ಯಾರಥಾನ್ ಜನವರಿಯ ಮೂರನೇ ಭಾನುವಾರ ನಡೆಯುತ್ತದೆ. ಚೆನ್ನೈಯದೂ ಜನವರಿಯಲ್ಲೇ. ಇಲ್ಲಿ ನೀವು ಒಂದು ಕಿ.ಮೀ.ಗೆ ತೆಗೆದುಕೊಳ್ಳುವ ಸಮಯಕ್ಕೆ 15–20 ಸೆಕೆಂಡ್ ಸೇರಿಸಿಕೊಂಡೇ ಗುರಿ ಇಟ್ಟುಕೊಳ್ಳಿ. ಇದು ನನ್ನ ಅನುಭವದ ಲೆಕ್ಕ, ನಿಮ್ಮದು ಸ್ವಲ್ಪ ಆಚೀಚೆ ಇರಬಹುದು.

ಏರಿಳಿತದ ವಿಷಯಕ್ಕೆ ಬಂದರೆ, ಆಗಸ್ಟ್ ಕೊನೆಯಲ್ಲಿ ನಡೆಯುವ ಹೈದರಾಬಾದ್ ಮ್ಯಾರಥಾನ್ ಫ್ಲೈಓವರ್‌ಗಳ ಓಟ. ಒಂದು ಇಳಿದೆವು ಅನ್ನುವಷ್ಟರಲ್ಲಿ ಇನ್ನೊಂದು ಎದುರಿಗೆ ಬರುತ್ತದೆ. ಮಳೆಗಾಲದ ಕೊನೆಗೆ ನಡೆಯುವ ಸಾತಾರಾ ಹಿಲ್ ಹಾಫ್ ಮ್ಯಾರಥಾನ್‌ನಲ್ಲಿ ಮೊದಲರ್ಧ ಪೂರ್ತಿ ಘಾಟಿ ಏರುವುದು, ಎರಡನೆಯರ್ಧ ಇಳಿಯುವುದು. ಇಳಿಜಾರು ಸುಲಭ ಅಂದುಕೊಳ್ಳಬೇಡಿ. ತೊಡೆಯ ಮುಂಭಾಗ ಹಿಡಿದುಕೊಳ್ಳುವುದು ಇಳಿಯುವಾಗಲೇ. ನಮಗೆ ಚಾಮುಂಡಿ ಬೆಟ್ಟ ಇದೆ, ಇದು ದೊಡ್ಡ ಭಾಗ್ಯ. ಊರಿನ ಮಟ್ಟದಿಂದ ಸುಮಾರು 300 ಮೀಟರ್ ಏರು. ಹೈದರಾಬಾದಿಗೋ ಸಾತಾರಾಕ್ಕೋ ಹೋಗುವವರು ಎಂಟು ವಾರ ಮೊದಲಿನಿಂದ ವಾರಕ್ಕೊಮ್ಮೆ ಬೆಟ್ಟದ ರಸ್ತೆಯಲ್ಲಿ ಏರಿ, ಓಡುತ್ತಲೇ ಇಳಿಯಿರಿ. ಮೆಟ್ಟಿಲಲ್ಲಿ ಬೇಡ, ರಸ್ತೆಯಲ್ಲಿ.

ಮಂಡ್ಯದವರಿಗೆ ಬೆಟ್ಟ ಇಲ್ಲ. ಆದರೆ ವಿ.ಸಿ. ನಾಲೆಯ ಏರಿ ಇದೆ. ಉದ್ದ ಓಟಕ್ಕೆ ಅದಕ್ಕಿಂತ ಒಳ್ಳೆ ಜಾಗ ಸಿಗುವುದಿಲ್ಲ. ಮಣ್ಣು ಮೆತ್ತಗಿರುತ್ತದೆ, ಮಂಡಿಗೆ ಹಿತ. ಆದರೆ ಹೊರಊರಿನ ಓಟ ಡಾಂಬರು, ಕಾಂಕ್ರೀಟಿನ ಮೇಲೆ ನಡೆಯುವುದರಿಂದ ಕೊನೆಯ ಎರಡು ತಿಂಗಳು ಅರ್ಧಕ್ಕರ್ಧ ರಸ್ತೆಯಲ್ಲಿ ಓಡಿ. ಕಬ್ಬು ಕಡಿಯುವ ಕಾಲದಲ್ಲಿ ಮುಂಜಾನೆ ಕತ್ತಲಲ್ಲಿ ಲೋಡ್ ಟ್ರ್ಯಾಕ್ಟರ್‌ಗಳು ಹಿಂದೆ ಲೈಟೇ ಇಲ್ಲದೆ ನಿಂತಿರುತ್ತವೆ. ತಲೆಗೊಂದು ಟಾರ್ಚ್, ಮೈಮೇಲೆ ಹೊಳೆಯುವ ಪಟ್ಟಿ ಇಲ್ಲದೆ ಹೊರಡಬೇಡಿ. ವಾಹನಗಳಿಗೆ ಎದುರು ಮುಖ ಮಾಡಿ ಓಡಿ.

ಹಂತ 2: ಎಂಟ್ರಿ

ದೊಡ್ಡ ಓಟಗಳ ನೋಂದಣಿ ತಿಂಗಳುಗಟ್ಟಲೆ ಮೊದಲೇ ತೆರೆಯುತ್ತದೆ, ಮೊದಲೇ ಮುಗಿಯುತ್ತದೆ. ಕೆಲವು ಕಡೆ ಫುಲ್ ಓಡಲು ಹಿಂದಿನ ಓಟದ ಟೈಮಿಂಗ್ ಸರ್ಟಿಫಿಕೇಟ್ ಕೇಳುತ್ತಾರೆ. ಹಾಗಾಗಿ ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಸಮಯ ಅಳೆಯುವ ಚಿಪ್ ಇರುವ ಒಂದು ಹಾಫ್ ಓಡಿ ಸರ್ಟಿಫಿಕೇಟನ್ನು ಫೋನಿನಲ್ಲಿ ಇಟ್ಟುಕೊಂಡಿರಿ. ನಿಮ್ಮನ್ನು ಯಾವ ಗುಂಪಿನ ಜೊತೆ ಬಿಡಬೇಕು ಅಂತ ತೀರ್ಮಾನವಾಗುವುದೂ ಅದರಿಂದಲೇ.

ಎಂಟ್ರಿ ಹಣ ಸಾಮಾನ್ಯವಾಗಿ ವಾಪಸ್ ಬರುವುದಿಲ್ಲ. ಬೇರೆಯವರ ಹೆಸರಿಗೆ ಬದಲಾಯಿಸುವುದಕ್ಕೂ ಬಹಳ ಕಡೆ ಬಿಡುವುದಿಲ್ಲ. ಇಲ್ಲೊಂದು ಮಾತು ಗಟ್ಟಿಯಾಗಿ ಹೇಳಬೇಕು. ಬರಲಾಗದ ಗೆಳೆಯರ ಬಿಬ್ ಹಾಕಿಕೊಂಡು ಓಡಬೇಡಿ. ದಾರಿಯಲ್ಲಿ ನೀವು ಬಿದ್ದರೆ ವೈದ್ಯರು ನೋಡುವುದು ಬಿಬ್ ನಂಬರು. ಅದರಲ್ಲಿ ಬೇರೆಯವರ ರಕ್ತದ ಗುಂಪು, ಬೇರೆಯವರ ಮನೆ ಫೋನ್ ನಂಬರ್ ಇರುತ್ತದೆ. ನಿಮ್ಮ ಬಿಬ್ ಹಿಂದೆ ಇರುವ ಜಾಗದಲ್ಲಿ ಔಷಧಿ, ಅಲರ್ಜಿ, ಮನೆಯವರ ನಂಬರ್ ಬರೆದುಕೊಳ್ಳುವುದನ್ನೂ ಮರೆಯಬೇಡಿ.

ವಯಸ್ಸು 40 ದಾಟಿದ್ದರೆ, ಅಥವಾ ಬಿಪಿ, ಶುಗರ್ ಇದ್ದರೆ, ಎಂಟ್ರಿ ತುಂಬುವ ಮೊದಲೇ ಡಾಕ್ಟರ ಹತ್ತಿರ ಒಮ್ಮೆ ಹೋಗಿ ಬನ್ನಿ.

ಹಂತ 3: ಹಿಂದಿನಿಂದ ಲೆಕ್ಕ ಹಾಕಿ ಟಿಕೆಟ್ ಮಾಡಿ

ಓಟದ ಸಮಯ ಹಿಡಿದುಕೊಂಡು ಹಿಂದಕ್ಕೆ ಬನ್ನಿ. ಹೈದರಾಬಾದಿನ ಉದಾಹರಣೆ ತೆಗೆದುಕೊಳ್ಳೋಣ. ಓಟ ಭಾನುವಾರ ಮುಂಜಾನೆ. ಓಟದ ದಿನ ಬಿಬ್ ಕೊಡುವುದಿಲ್ಲ. ಅಂದರೆ ಶನಿವಾರ ಮಧ್ಯಾಹ್ನದೊಳಗೆ ನೀವು ಅಲ್ಲಿರಬೇಕು. ಮೈಸೂರು–ಕಾಚಿಗುಡ ಎಕ್ಸ್‌ಪ್ರೆಸ್ ಮಧ್ಯಾಹ್ನ ಮೈಸೂರು ಬಿಟ್ಟು, ಮಂಡ್ಯ, ಬೆಂಗಳೂರು ಮೇಲೆ ಮರುದಿನ ಬೆಳಗ್ಗೆ ಕಾಚಿಗುಡ ಸೇರುತ್ತದೆ. ಶುಕ್ರವಾರ ಹತ್ತಿದರೆ ಶನಿವಾರ ಬೆಳಗ್ಗೆಯೇ ಬಿಬ್ ಮುಗಿಸಿ, ಮಧ್ಯಾಹ್ನವೆಲ್ಲ ಮಲಗಬಹುದು. ಭಾನುವಾರ ಸಂಜೆಯ ರೈಲಿಗೆ ವಾಪಸ್. ಒಂದೂವರೆ ದಿನದ ರಜೆ ಸಾಕು.

ರೈಲ್ವೆ ಮುಂಗಡ ಬುಕಿಂಗ್ ಈಗ 60 ದಿನ ಮೊದಲು ತೆರೆಯುತ್ತದೆ. 2024ರ ನವೆಂಬರಿಗೆ ಮುಂಚೆ 120 ದಿನ ಇತ್ತು. ಕ್ಯಾಲೆಂಡರಿನಲ್ಲಿ ಆ ದಿನಕ್ಕೆ ಗುರುತು ಹಾಕಿ, ಹೋಗುವುದಕ್ಕೂ ಬರುವುದಕ್ಕೂ ಬೆಳಗ್ಗೆ 8 ಗಂಟೆಗೇ ಕೂತು ಮಾಡಿಬಿಡಿ. ತತ್ಕಾಲ್ ನಂಬಿಕೊಂಡರೆ ಓಟದ ವಾರ ಪೂರ್ತಿ ಅದೇ ಚಿಂತೆಯಾಗುತ್ತದೆ, ನಿದ್ದೆ ಕೆಡುತ್ತದೆ.

ವಾಪಸ್ ಬರುವಾಗ ಕೆಳಗಿನ ಬರ್ತ್ ಕೇಳಿ. ಇದು ಸಣ್ಣ ವಿಷಯ ಅನಿಸಬಹುದು. ಮಂಡ್ಯ ಪಕ್ಕದ ಹಳ್ಳಿಯ ಒಬ್ಬ ಅಣ್ಣ ನಮ್ಮ ಜೊತೆ ಬರುತ್ತಾರೆ, ಕಬ್ಬು, ಭತ್ತ ಬೆಳೆಯುವವರು. ಮೊದಲ ಫುಲ್ ಓಡಿದ ರಾತ್ರಿ ಅವರಿಗೆ ಮೇಲಿನ ಬರ್ತ್ ಬಂದಿತ್ತು. ಏಣಿಯ ಎರಡನೇ ಕಂಬಿಯ ಮೇಲೆ ಕಾಲಿಟ್ಟು, ಮಂಡಿ ಮಡಚಲಾಗದೆ ಕೈಯಲ್ಲೇ ಜೋತುಬಿದ್ದರು. ಇಬ್ಬರು ಹುಡುಗರು ಸೊಂಟ ಹಿಡಿದು ಮೇಲೆ ತಳ್ಳಬೇಕಾಯಿತು. ರಾತ್ರಿ ಬಾತ್‌ರೂಮಿಗೆ ಇಳಿಯಲು ಭಯವಾಗಿ ನೀರನ್ನೇ ಕುಡಿಯಲಿಲ್ಲ. ಓಟದ ರಾತ್ರಿ ನೀರು ಕುಡಿಯದಿರುವುದು ದೊಡ್ಡ ತಪ್ಪು. ಬೆಳಗ್ಗೆ ಹೇಳಿದರು: "ಅಕ್ಕ, ಮುಂದಿನ ಸಲ ನಂಗೆ ಕೆಳಗಿನ ಬರ್ತೇ ಹಾಕ್ಸಿ. ಓಡ್ದಾಗ ಇಷ್ಟು ನೋವಿರಲಿಲ್ಲ." ಅವತ್ತಿನಿಂದ ಗುಂಪಿನಲ್ಲಿ ಹೋಗುವಾಗ ಕೆಳಗಿನ ಬರ್ತ್ ಫುಲ್ ಓಡಿದವರಿಗೆ, ಮೇಲಿನದು ಹಾಫ್ ಓಡಿದವರಿಗೆ.

ಮುಂಬೈಗೆ ಮೈಸೂರಿನಿಂದ ಶರಾವತಿ ಎಕ್ಸ್‌ಪ್ರೆಸ್ ಇದೆ, ಆದರೆ ವಾರಕ್ಕೊಮ್ಮೆ ಮಾತ್ರ. ನಾನು ಬೆಂಗಳೂರಿಗೆ ಹೋಗಿ ಉದ್ಯಾನ್ ಎಕ್ಸ್‌ಪ್ರೆಸ್ ಹಿಡಿಯುತ್ತೇನೆ. ಸುಮಾರು ಒಂದು ದಿನದ ಪ್ರಯಾಣ, ಆದರೆ ಅದು ಹೋಗಿ ನಿಲ್ಲುವುದು ಮುಂಬೈಯ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್, ಅಂದರೆ ಸಿಎಸ್‌ಎಂಟಿಯಲ್ಲಿ. ಫುಲ್ ಮ್ಯಾರಥಾನ್ ಶುರುವಾಗುವುದೂ ಆ ನಿಲ್ದಾಣದ ಎದುರಿನಿಂದಲೇ. ಗುರುವಾರ ಹೊರಟರೆ ಶುಕ್ರವಾರ ರಾತ್ರಿ ಅಲ್ಲಿರುತ್ತೀರಿ. ಚೆನ್ನೈಗೆ ರಾತ್ರಿಯ ಕಾವೇರಿ ಎಕ್ಸ್‌ಪ್ರೆಸ್ ಸಾಕು. ವಿಮಾನವಾದರೆ ಮೈಸೂರಿನಿಂದ ಕೆಂಪೇಗೌಡ ನಿಲ್ದಾಣಕ್ಕೆ ಕೆಎಸ್‌ಆರ್‌ಟಿಸಿ ಫ್ಲೈಬಸ್ ನೇರ ಹೋಗುತ್ತದೆ. ಬೆಂಗಳೂರಿನ ಟ್ರಾಫಿಕ್ ಲೆಕ್ಕ ಹಾಕಿ ಧಾರಾಳವಾಗಿ ಸಮಯ ಇಟ್ಟುಕೊಳ್ಳಿ.

ಬೆಂಗಳೂರಿನ ಓಟಕ್ಕೆ "ಇಲ್ಲೇ ಅಲ್ವಾ, ಬೆಳಗ್ಗೆ ಎದ್ದು ಹೋದರಾಯ್ತು" ಅನ್ನುವವರಿದ್ದಾರೆ. ಐದು ಗಂಟೆಯ ಓಟಕ್ಕೆ ಮೈಸೂರಿನಿಂದ ರಾತ್ರಿ ಒಂದಕ್ಕೆ ಹೊರಡಬೇಕು. ಆ ನಿದ್ದೆಗೇಡು 30 ಕಿ.ಮೀ. ದಾಟಿದ ಮೇಲೆ ಎದುರು ಬಂದು ನಿಲ್ಲುತ್ತದೆ. ಹಿಂದಿನ ದಿನವೇ ಹೋಗಿ. ಬಸ್ಸಿನಲ್ಲಿ ಹೋಗುವವರು ಕೆಂಗೇರಿಯಲ್ಲಿ ಇಳಿದು ನೇರಳೆ ಮಾರ್ಗದ ಮೆಟ್ರೊ ಹತ್ತಿದರೆ ನೇರ ಕಬ್ಬನ್ ಪಾರ್ಕ್. ಭಾನುವಾರ ಮೆಟ್ರೊ ತಡವಾಗಿ ಶುರುವಾಗುತ್ತದೆ. ಓಟದ ದಿನ ಮುಂಚೆಯೇ ಬಿಡುವುದುಂಟು, ಆ ವಾರದ ಪ್ರಕಟಣೆ ನೋಡಿಕೊಳ್ಳಿ. ಮಂಡ್ಯದವರು ಗಮನಿಸಿ: ಎಕ್ಸ್‌ಪ್ರೆಸ್‌ವೇ ಮೇಲೆ ಹೋಗುವ ತಡೆರಹಿತ ಬಸ್ಸುಗಳು ಊರೊಳಗೆ ಬರುವುದಿಲ್ಲ. ನಿಮಗೆ ರೈಲೇ ವಾಸಿ.

ಹಂತ 4: ರೂಮು

ಸ್ಟಾರ್ಟ್ ಜಾಗದಿಂದ ಎರಡು ಕಿ.ಮೀ. ಒಳಗೆ ರೂಮು ಮಾಡಿ. ಬಾಡಿಗೆ ಜಾಸ್ತಿ ಆದರೂ ಇಲ್ಲಿ ಕೈ ಬಿಗಿ ಹಿಡಿಯಬೇಡಿ. ಉಳಿತಾಯ ಮಾಡುವುದಿದ್ದರೆ ರೈಲಿನ ಕ್ಲಾಸಿನಲ್ಲಿ, ಟೀ ಶರ್ಟಿನಲ್ಲಿ ಮಾಡಿ. ಓಟದ ಮುಂಜಾನೆ ಸುತ್ತಮುತ್ತಲ ರಸ್ತೆ ಮುಚ್ಚಿರುತ್ತಾರೆ, ಆಟೊ, ಕ್ಯಾಬು ಬರುವುದಿಲ್ಲ. ನಡೆದು ಹೋಗುವಷ್ಟು ಹತ್ತಿರ ಇದ್ದರೆ ಅರ್ಧ ಆತಂಕ ಅಲ್ಲೇ ಮುಗಿಯುತ್ತದೆ.

ಸ್ಟಾರ್ಟ್ ಒಂದು ಕಡೆ, ಫಿನಿಶ್ ಇನ್ನೊಂದು ಕಡೆ ಇರುವ ಓಟಗಳಿವೆ. ಹೈದರಾಬಾದಿನದು ಹುಸೇನ್‌ಸಾಗರದ ಪಕ್ಕದ ನೆಕ್ಲೆಸ್ ರಸ್ತೆಯಿಂದ ಹೊರಟು ಗಚ್ಚಿಬೌಲಿ ಸ್ಟೇಡಿಯಮ್ಮಿನಲ್ಲಿ ಮುಗಿಯುತ್ತದೆ. ಮುಂಬೈಯಲ್ಲಿ ಈಚಿನ ವರ್ಷಗಳಲ್ಲಿ ಹಾಫ್ ಶುರುವಾಗುತ್ತಿರುವುದು ಮಾಹಿಮ್‌ನಿಂದ. ಯಾವಾಗಲೂ ಸ್ಟಾರ್ಟ್ ಹತ್ತಿರ ಇರಿ. ಮುಗಿದ ಮೇಲೆ ವಾಪಸ್ ಬರಲು ಇಡೀ ದಿನ ಇರುತ್ತದೆ.

ಒಂದು ಊರಿನಲ್ಲಿ ನಾವು ಇಳಿದುಕೊಂಡಿದ್ದ ಲಾಡ್ಜಿನವರು ರಾತ್ರಿ ಹನ್ನೊಂದಕ್ಕೆ ಗ್ರಿಲ್ ಬೀಗ ಹಾಕಿ ಮಲಗಿಬಿಟ್ಟಿದ್ದರು. ಮೂರೂವರೆಗೆ ಕೆಳಗಿಳಿದರೆ ಯಾರೂ ಇಲ್ಲ. ಇಪ್ಪತ್ತು ನಿಮಿಷ ಗ್ರಿಲ್ ಬಡಿದೆವು. ಆಮೇಲಿನಿಂದ ಬುಕ್ ಮಾಡುವ ಮೊದಲು ಫೋನ್ ಮಾಡಿ ನಾಲ್ಕು ಪ್ರಶ್ನೆ ಕೇಳುತ್ತೇನೆ. "ಸರ್, ಭಾನುವಾರ ಮುಂಜಾನೆ ಮೂರೂವರೆಗೆ ಬಾಗಿಲು ತೆಗೀತೀರಾ? ಆ ಹೊತ್ತಿಗೆ ಬಿಸಿನೀರು ಬರುತ್ತಾ? ರೂಮಿನಲ್ಲಿ ಕೆಟಲ್ ಇದೆಯಾ? ಪಕ್ಕದಲ್ಲಿ ಕಲ್ಯಾಣ ಮಂಟಪ ಇದೆಯಾ?" ಕೊನೆಯದನ್ನು ಕೇಳಿ ಅವರು ಆಶ್ಚರ್ಯಪಡುತ್ತಾರೆ. ಮದುವೆ ಸೀಸನ್ನಿನಲ್ಲಿ ಶನಿವಾರ ರಾತ್ರಿ ಆರ್ಕೆಸ್ಟ್ರಾ ಕೇಳಿಕೊಂಡು ಮಲಗಿದವರಿಗೆ ಆ ಪ್ರಶ್ನೆಯ ಬೆಲೆ ಗೊತ್ತು.

ಒಬ್ಬರೇ ಹೋಗುವ ಹೆಂಗಸರಿಗೆ: ಮುಂಜಾನೆ ಸ್ಟಾರ್ಟಿಗೆ ನಡೆದು ಹೋಗುವಾಗ ಜೊತೆ ಮಾಡಿಕೊಳ್ಳಿ. ಬಿಬ್ ಕೊಡುವ ಜಾಗದಲ್ಲೇ ಅದೇ ಹೋಟೆಲಿನಲ್ಲಿ ಇಳಿದವರು ಸಿಗುತ್ತಾರೆ, ಮಾತಾಡಿಸಿ. ಮುಟ್ಟಿನ ದಿನ ಓಟಕ್ಕೆ ಬೀಳುವ ಹಾಗಿದ್ದರೆ ಹೆದರಬೇಡಿ. ಅಭ್ಯಾಸದ ಉದ್ದ ಓಟವನ್ನು ಅಂಥ ಒಂದು ದಿನ ಓಡಿ ನೋಡಿರಿ. ಯಾವುದು ಉಜ್ಜುವುದಿಲ್ಲ, ಎಷ್ಟು ಹೊತ್ತು ತಡೆಯುತ್ತದೆ ಅಂತ ಮೊದಲೇ ಗೊತ್ತಾಗುತ್ತದೆ.

ಹಂತ 5: ಹೋಗುವ ಊರಿನ ಹವೆಯನ್ನು ಇಲ್ಲೇ ಅಭ್ಯಾಸ ಮಾಡಿ

ಬಿಸಿ, ತೇವದ ಹವೆಗೆ ಮೈ ಹೊಂದಿಕೊಳ್ಳಲು 10–14 ದಿನ ಬೇಕು. ನಾವು ಮುಂಬೈಗೆ ಎರಡು ವಾರ ಮೊದಲು ಹೋಗಿ ಕೂರಲು ಆಗುವುದಿಲ್ಲ. ಕೊನೆಯ ಮೂರು ವಾರಗಳಲ್ಲಿ ವಾರಕ್ಕೆರಡು ಸಣ್ಣ ಓಟಗಳನ್ನು ಬೆಳಗ್ಗೆ ಒಂಬತ್ತರ ಬಿಸಿಲಿನಲ್ಲಿ, ತೆಳು ಜಾಕೆಟ್ ಹಾಕಿಕೊಂಡು ನಿಧಾನವಾಗಿ ಓಡಿ. 40 ನಿಮಿಷ ಸಾಕು. ತಲೆ ಸುತ್ತಿದರೆ ತಕ್ಷಣ ನಿಲ್ಲಿಸಿ. ಒಟ್ಟು ಓಡುವ ದೂರವನ್ನು ಈ ಮೂರು ವಾರಗಳಲ್ಲಿ ಇಳಿಸುತ್ತಾ ಬರಬೇಕು. ಅಭ್ಯಾಸ ಕಡಿಮೆ ಆಯಿತು ಅಂತ ಕೊನೆಯ ವಾರ ಉದ್ದ ಓಡುವುದು ಬೇಡವೇ ಬೇಡ. ಅದರಿಂದ ಶಕ್ತಿ ಬರುವುದಿಲ್ಲ, ದಣಿವಷ್ಟೇ ಉಳಿಯುತ್ತದೆ.

ಹಂತ 6: ಬ್ಯಾಗು

ಎರಡು ಬ್ಯಾಗು ಮಾಡಿ. ಸಣ್ಣದರಲ್ಲಿ ಓಟಕ್ಕೆ ಬೇಕೇ ಬೇಕಾದವು: ಶೂ, ಸಾಕ್ಸ್, ಓಡುವ ಬಟ್ಟೆ, ಗುರುತಿನ ಚೀಟಿ, ಎಂಟ್ರಿಯ ಪ್ರಿಂಟ್, ದಾರಿಯಲ್ಲಿ ತಿನ್ನುವ ಜೆಲ್ (ಪೊಟ್ಟಣದಲ್ಲಿ ಬರುವ ಗಟ್ಟಿ ಸಿಹಿ ಪಾಕ) ಅಥವಾ ಚಿಕ್ಕಿ. ಈ ಬ್ಯಾಗು ನಿಮ್ಮ ತಲೆದಿಂಬು. ರೈಲಿನಲ್ಲಿ ಸೀಟಿನ ಕೆಳಗೆ ಇಡಬಾರದು, ವಿಮಾನದಲ್ಲಿ ಚೆಕ್-ಇನ್‌ಗೆ ಕೊಡಬಾರದು. ಉಳಿದದ್ದು ಕಳೆದರೆ ಅಲ್ಲೇ ಕೊಂಡುಕೊಳ್ಳಬಹುದು. ಪಳಗಿದ ಶೂ ಎಲ್ಲೂ ಸಿಗುವುದಿಲ್ಲ.

ಶೂ ಅಂದರೆ ನೆನಪಾಯಿತು. ಬಿಬ್ ಕೊಡುವ ಕಡೆ ಹೊಸ ಶೂಗಳ ಅಂಗಡಿ ಸಾಲಾಗಿ ಇರುತ್ತವೆ, ರಿಯಾಯಿತಿಯೂ ಇರುತ್ತದೆ. ಕೊಂಡುಕೊಳ್ಳಿ, ಆದರೆ ಮರುದಿನ ಹಾಕಿಕೊಳ್ಳಬೇಡಿ. ಕನಿಷ್ಠ 50–60 ಕಿ.ಮೀ. ಓಡಿದ, ಒಮ್ಮೆಯಾದರೂ 20 ಕಿ.ಮೀ. ಮೀರಿ ಹಾಕಿಕೊಂಡ ಶೂ ಮಾತ್ರ ಓಟಕ್ಕೆ.

ನನ್ನ ಬ್ಯಾಗಿನಲ್ಲಿ ಇವೂ ಇರುತ್ತವೆ: ಕೊಬ್ಬರಿ ಎಣ್ಣೆಯ ಸಣ್ಣ ಬಾಟಲಿ, ಪೆಟ್ರೋಲಿಯಂ ಜೆಲ್ಲಿ (ಕಂಕುಳ, ತೊಡೆಸಂದು, ಬಟ್ಟೆ ಉಜ್ಜುವ ಕಡೆಗೆಲ್ಲ), ಎಂಟು ಪಿನ್ನು, ಔಷಧಿ ಅಂಗಡಿಯ ಪೇಪರ್ ಟೇಪು, ನಾಲ್ಕು ಓಆರ್‌ಎಸ್ ಪ್ಯಾಕೆಟ್, ಬಿಸಾಡಬಹುದಾದ ಹಳೆ ಶರ್ಟು, ಎರಡು ಪ್ಲಾಸ್ಟಿಕ್ ಕವರ್, ಮತ್ತು ಸಡಿಲ ಚಪ್ಪಲಿ. ಓಟ ಮುಗಿದ ಮೇಲೆ ಶೂ ಬಿಚ್ಚಿ ಆ ಚಪ್ಪಲಿಯಲ್ಲಿ ಕಾಲಿಟ್ಟಾಗಿನ ಸುಖವೇ ಬೇರೆ. ಹಳೆ ಶರ್ಟು ದೆಹಲಿಯಂಥ ಚಳಿ ಊರಿಗೆ. ಸ್ಟಾರ್ಟಿನವರೆಗೂ ಹಾಕಿಕೊಂಡಿದ್ದು, ಗಂಟೆ ಬಾರಿಸಿದಾಗ ಬದಿಗೆ ಬಿಡಬಹುದು.

ಹಂತ 7: ಊಟ

ನಾವು ಮುದ್ದೆ, ಬಸ್ಸಾರು, ಸೊಪ್ಪು, ಕಾಳು ತಿಂದು ಬೆಳೆದವರು. ದಿನನಿತ್ಯಕ್ಕೆ ಅದಕ್ಕಿಂತ ಒಳ್ಳೆಯ ಊಟ ಇಲ್ಲ. ಆದರೆ ಓಟಕ್ಕೆ ಹಿಂದಿನ ದಿನ ಅದು ಬೇಡ. ರಾಗಿ, ಸೊಪ್ಪು, ಕಾಳುಗಳಲ್ಲಿ ನಾರು ಜಾಸ್ತಿ. ಓಡುವಾಗ ರಕ್ತವೆಲ್ಲ ಕಾಲಿನ ಕಡೆ ಹೋಗುತ್ತದೆ, ಹೊಟ್ಟೆಗೆ ಕಡಿಮೆಯಾಗುತ್ತದೆ. ಆಗ ಹೊಟ್ಟೆಯಲ್ಲಿ ನಾರು ಉಳಿದಿದ್ದರೆ ಮಧ್ಯದಲ್ಲಿ ಓಟ ಬಿಟ್ಟು ಓಡಬೇಕಾಗುತ್ತದೆ. ಕೊನೆಯ ಎರಡು ದಿನ ಬಿಳಿ ಅನ್ನ, ಇಡ್ಲಿ, ತಿಳಿಸಾರು, ಆಲೂಗಡ್ಡೆ, ಬಾಳೆಹಣ್ಣು. ಖಾರ, ಎಣ್ಣೆ ಕಮ್ಮಿ, ಉಪ್ಪು ಸ್ವಲ್ಪ ಮುಂದು. ಒಂದೇ ಸಲ ಹೊಟ್ಟೆ ಬಿರಿಯ ತಿನ್ನುವ ಬದಲು ಎರಡು ದಿನ ಸ್ವಲ್ಪ ಸ್ವಲ್ಪ ಜಾಸ್ತಿ ತಿನ್ನಿ. ತೂಕ ಅರ್ಧ, ಒಂದು ಕೆ.ಜಿ. ಏರಿದರೆ ಗಾಬರಿಯಾಗಬೇಡಿ. ಸ್ನಾಯುಗಳಲ್ಲಿ ಸೇರುವ ಪಿಷ್ಟ ಜೊತೆಗೆ ನೀರನ್ನೂ ಹಿಡಿದಿಟ್ಟುಕೊಳ್ಳುತ್ತದೆ.

ಹೈದರಾಬಾದ್ ಬಿರಿಯಾನಿ, ಮುಂಬೈ ಪಾವ್‌ಭಾಜಿ ಎಲ್ಲ ಓಟ ಮುಗಿದ ಮೇಲೆ. ಇದನ್ನು ಎಷ್ಟು ಸಲ ಹೇಳಿದರೂ ಸಾಲದು.

ಓಟದ ದಿನದ ತಿಂಡಿ ನನ್ನ ಜೊತೆಯೇ ಬರುತ್ತದೆ, ಏಕೆಂದರೆ ಎರಡೂವರೆ ಗಂಟೆಗೆ ಯಾವ ಹೋಟೆಲೂ ತೆರೆದಿರುವುದಿಲ್ಲ. ತೆಳು ಅವಲಕ್ಕಿ 100 ಗ್ರಾಂ, ಅದರಲ್ಲಿ ಸುಮಾರು 75 ಗ್ರಾಂ ಪಿಷ್ಟ ಇರುತ್ತದೆ. ಮನೆಯಲ್ಲೇ ಡಬ್ಬಿಗೆ ಹಾಕಿ, ಪುಡಿ ಮಾಡಿದ ಮಂಡ್ಯ ಬೆಲ್ಲ ಎರಡು ಚಮಚ, ಚಿಟಿಕೆ ಉಪ್ಪು, ಒಂದಿಷ್ಟು ಏಲಕ್ಕಿ ಪುಡಿ ಬೆರೆಸಿ ಮುಚ್ಚಿಡುತ್ತೇನೆ. ಕಾಯಿ ಹಾಕುವುದಿಲ್ಲ, ಪ್ರಯಾಣದಲ್ಲಿ ಕೆಡುತ್ತದೆ, ಎಣ್ಣೆಯಂಶವೂ ಆ ಹೊತ್ತಿಗೆ ಬೇಡ. ರೂಮಿನಲ್ಲಿ ಕೆಟಲ್ ನೀರು ಕಾಯಿಸಿ, ಅವಲಕ್ಕಿ ನೆನೆಯುವಷ್ಟು ಮಾತ್ರ ಹಾಕಿ ಐದು ನಿಮಿಷ ಮುಚ್ಚಿಟ್ಟರೆ ಮೆತ್ತಗಾಗುತ್ತದೆ. ಬೆಲ್ಲ ಕರಗಿ ಕಂದು ಬಣ್ಣ ಹರಡಿರುತ್ತದೆ. ಗೊತ್ತಿಲ್ಲದ ಊರಿನ ಕತ್ತಲೆಯಲ್ಲಿ ಅದರ ಘಮಕ್ಕೆ ಮನೆಯಲ್ಲಿ ಕೂತ ಹಾಗೆ ಅನಿಸುತ್ತದೆ. ಜೊತೆಗೊಂದು ಬಾಳೆಹಣ್ಣು. ಕಾಫಿ ಇಲ್ಲದೆ ಹೊಟ್ಟೆ ಖಾಲಿಯಾಗದವರು ಇನ್‌ಸ್ಟಂಟ್ ಪುಡಿಯ ಪೊಟ್ಟಣ ಇಟ್ಟುಕೊಂಡಿರಿ.

ಯಾವ ತಿಂಡಿಯಾದರೂ ಸರಿ, ಮನೆಯಲ್ಲಿ ಮೂರ್ನಾಲ್ಕು ಭಾನುವಾರ ಅದನ್ನೇ ತಿಂದು ಉದ್ದ ಓಟ ಓಡಿ ನೋಡಿರಬೇಕು.

ಓಡುವಾಗ ಗಂಟೆಗೆ 30–60 ಗ್ರಾಂ ಪಿಷ್ಟ ಬೇಕು. ಒಂದು ಜೆಲ್‌ನಲ್ಲಿ ಸಾಮಾನ್ಯವಾಗಿ 20–25 ಗ್ರಾಂ ಇರುತ್ತದೆ, ಒಂದು ಸಾಧಾರಣ ಬಾಳೆಹಣ್ಣಿನಲ್ಲೂ ಹತ್ತಿರ ಹತ್ತಿರ ಅಷ್ಟೇ. ಮೊದಲ ಜೆಲ್ ಹಸಿವಾಗುವವರೆಗೆ ಕಾಯದೆ 40 ನಿಮಿಷಕ್ಕೇ ತೆಗೆದುಕೊಳ್ಳಿ, ನೀರಿನ ಜೊತೆ.

ಹಂತ 8: ಹಿಂದಿನ ದಿನ

ಬಿಬ್ ಬೆಳಗ್ಗೆಯೇ ತಂದುಬಿಡಿ. ಮುಂಬೈಯಲ್ಲಿ ಅದಕ್ಕೆ ಬಾಂದ್ರಾ ಕುರ್ಲಾ ಕಾಂಪ್ಲೆಕ್ಸ್‌ವರೆಗೆ ಹೋಗಬೇಕು, ಸಿಎಸ್‌ಎಂಟಿಯಿಂದ ದೂರ. ಅಲ್ಲಿ ಒಂದು ಗಂಟೆಗಿಂತ ಜಾಸ್ತಿ ನಿಲ್ಲಬೇಡಿ. ಊರು ನೋಡುವ ಆಸೆ ಎಲ್ಲರಿಗೂ ಇರುತ್ತದೆ, ನನಗೂ ಇತ್ತು. ಅದಕ್ಕೆ ಓಟದ ನಂತರ ಒಂದು ದಿನ ಇಟ್ಟುಕೊಳ್ಳಿ.

ಸಂಜೆ ಎಲ್ಲವನ್ನೂ ನೆಲದ ಮೇಲೆ ಹರಡಿ. ಬಿಬ್ ಬಟ್ಟೆಗೆ ಚುಚ್ಚಿ, ಚಿಪ್ ನೋಡಿ, ಸಾಕ್ಸ್ ಶೂ ಒಳಗೆ ಇಡಿ. ಉಗುರು ಕತ್ತರಿಸುವುದು ಅವತ್ತು ಬೇಡ, ನಾಲ್ಕು ದಿನ ಮೊದಲೇ ಆಗಿರಬೇಕು. ಎರಡು ಅಲಾರಂ ಇಡಿ, ಮನೆಯವರಿಗೂ ಫೋನ್ ಮಾಡಿ ಎಬ್ಬಿಸಲು ಹೇಳಿ. ಎಂಟಕ್ಕೆ ಹಾಸಿಗೆ. ನಿದ್ದೆ ಬರದಿದ್ದರೂ ಕಣ್ಣು ಮುಚ್ಚಿ ಮಲಗಿರಿ. ಅದಕ್ಕೂ ಮೊದಲಿನ ಎರಡು ರಾತ್ರಿ ಚೆನ್ನಾಗಿ ಮಲಗಿದ್ದರೆ ಈ ಒಂದು ರಾತ್ರಿಯಿಂದ ಕೆಡುವುದಿಲ್ಲ.

ಹಂತ 9: ಓಟದ ದಿನ

ಐದಕ್ಕೆ ಸ್ಟಾರ್ಟ್ ಅಂದರೆ ಎರಡೂಕಾಲಿಗೆ ಏಳಬೇಕು. ಎರಡೂವರೆಗೆ ತಿಂಡಿ. ಮೂರರಿಂದ ಮೂರೂವರೆ ಹೊಟ್ಟೆ ಖಾಲಿ ಮಾಡಿಕೊಳ್ಳಲು ಸಮಯ. ನಾಲ್ಕಕ್ಕೆ ಮೈದಾನ, ಬ್ಯಾಗು ಕೌಂಟರು. ಅಲ್ಲಿನ ಟಾಯ್ಲೆಟ್ ಸಾಲು ಉದ್ದ ಇರುತ್ತದೆ, ಅಗತ್ಯ ಅನಿಸುವ ಮೊದಲೇ ನಿಂತುಬಿಡಿ.

ಮೊದಲ ಐದು ಕಿ.ಮೀ. ಬೇಕಂತಲೇ ನಿಧಾನ. ಬ್ಯಾಂಡು, ಬೆಳಕು, ಸಾವಿರಾರು ಜನ, ಕಾಲು ತಾನಾಗಿ ಓಡುತ್ತದೆ. ಹಿಡಿದುಕೊಳ್ಳಿ. ಐದು ಗಂಟೆಯಲ್ಲಿ ಮುಗಿಸುವ ಗುರಿಯವರಿಗೆ ಕಿ.ಮೀ.ಗೆ 7 ನಿಮಿಷ 6 ಸೆಕೆಂಡ್. ಮೊದಲ ಐದನ್ನು ಏಳೂವರೆಯಲ್ಲಿ ಓಡಿದರೂ ನಷ್ಟವಿಲ್ಲ.

ನೀರಿನ ವಿಷಯದಲ್ಲಿ ಎರಡೂ ಕಡೆ ಅಪಾಯ ಇದೆ. ಕಡಿಮೆಯಾದರೆ ಸುಸ್ತು. ಬರೀ ನೀರು ಲೀಟರುಗಟ್ಟಲೆ ಕುಡಿದರೆ ರಕ್ತದಲ್ಲಿ ಸೋಡಿಯಂ ಇಳಿದು ತಲೆನೋವು, ವಾಂತಿ, ಗೊಂದಲ, ಕೊನೆಗೆ ಪ್ರಾಣಕ್ಕೇ ಸಂಚಕಾರ. ಬಾಯಾರಿಕೆಗೆ ತಕ್ಕಷ್ಟು ಗುಟುಕರಿಸಿ, ಮಧ್ಯೆ ಮಧ್ಯೆ ಓಆರ್‌ಎಸ್. ಒಂದು ಲೀಟರಿನ ಪ್ಯಾಕೆಟನ್ನು ಒಂದು ಲೀಟರಿಗೇ ಬೆರೆಸಬೇಕು, ಗಟ್ಟಿ ಮಾಡಬಾರದು. ನೋವಿನ ಮಾತ್ರೆ ನುಂಗಿ ಓಡುವವರಿದ್ದಾರೆ. ಮೈಯಲ್ಲಿ ನೀರು ಕಮ್ಮಿ ಇರುವಾಗ ಐಬುಪ್ರೊಫೆನ್ ಥರದವು ಮೂತ್ರಪಿಂಡಕ್ಕೆ ಪೆಟ್ಟು ಕೊಡುತ್ತವೆ. ದಯವಿಟ್ಟು ಬೇಡ.

ಎದೆನೋವು, ಕಣ್ಣು ಕತ್ತಲೆ, ಬಿಸಿಲಲ್ಲೂ ಚಳಿ ಬಂದಂತಾಗುವುದು, ಇವು ಬಂದರೆ ಅಲ್ಲೇ ನಿಲ್ಲಿ, ಸ್ವಯಂಸೇವಕರನ್ನು ಕರೆಯಿರಿ. ರೈಲಿಗೆ ದುಡ್ಡು ಕೊಟ್ಟಿದ್ದೇವೆ, ರಜೆ ಹಾಕಿ ಬಂದಿದ್ದೇವೆ ಅನ್ನುವ ಯೋಚನೆಯೇ ದೂರದಿಂದ ಬಂದವರನ್ನು ಅಪಾಯಕ್ಕೆ ತಳ್ಳುವುದು. ನಾನು ಒಂದು ಸಲ 32 ಕಿ.ಮೀ.ನಲ್ಲಿ ನಿಲ್ಲಿಸಿ ಆಂಬುಲೆನ್ಸಿನಲ್ಲಿ ಕೂತು ಬಂದಿದ್ದೇನೆ. ಅತ್ತಿದ್ದೂ ನಿಜ. ಮುಂದಿನ ವರ್ಷ ಅದೇ ಊರಿಗೆ ಹೋಗಿ ಮುಗಿಸಿದೆ.

ಲೇಹ್ ಮತ್ತು ಹೊರದೇಶ

ಸೆಪ್ಟೆಂಬರಿನ ಲಡಾಖ್ ಮ್ಯಾರಥಾನ್ ನಡೆಯುವ ಲೇಹ್ ಸುಮಾರು 3,500 ಮೀಟರ್ ಎತ್ತರದಲ್ಲಿದೆ. ಮೈಸೂರು ಸುಮಾರು 770 ಮೀಟರ್. ಚಾಮುಂಡಿ ಬೆಟ್ಟ ಎಷ್ಟು ಸಲ ಹತ್ತಿದರೂ ಅಲ್ಲಿನ ತೆಳು ಗಾಳಿಗೆ ಅದು ಅಭ್ಯಾಸವಾಗುವುದಿಲ್ಲ. ವಾರ, ಹತ್ತು ದಿನ ಮೊದಲೇ ಹೋಗಿ, ಮೊದಲೆರಡು ದಿನ ಪೂರ್ತಿ ಸುಮ್ನೆ ಇರಬೇಕು. ಅಷ್ಟು ರಜೆ ಇಲ್ಲದಿದ್ದರೆ ಆ ವರ್ಷ ಹೋಗಬೇಡಿ.

ಹೊರದೇಶಕ್ಕೆ ಮೊದಲು ಪಾಸ್‌ಪೋರ್ಟ್. ದೇಶದ ಮೊದಲ ಅಂಚೆ ಕಚೇರಿ ಪಾಸ್‌ಪೋರ್ಟ್ ಸೇವಾ ಕೇಂದ್ರಗಳಲ್ಲಿ ಒಂದು 2017ರಲ್ಲಿ ಮೈಸೂರಿನಲ್ಲೇ ಶುರುವಾಯಿತು, ಹಾಗಾಗಿ ಅದಕ್ಕೆ ಬೆಂಗಳೂರಿಗೆ ಅಲೆಯಬೇಕಿಲ್ಲ. ಎಂಟ್ರಿ ಸಿಕ್ಕ ದಿನವೇ ವೀಸಾ ಕೆಲಸ ಶುರು ಮಾಡಿ. ಹೊರದೇಶದ ವಿಮಾನದಲ್ಲಿ ಜೆಲ್ ಕೂಡ ದ್ರವದ ಲೆಕ್ಕಕ್ಕೆ ಬರುತ್ತದೆ, ಕೈಬ್ಯಾಗಿನಲ್ಲಿ ಒಂದೊಂದೂ 100 ಮಿ.ಲೀ. ಒಳಗಿರಬೇಕು. ನನ್ನ ಕನಸು ದಕ್ಷಿಣ ಆಫ್ರಿಕಾದ ಕಾಮ್ರೇಡ್ಸ್. 1921ರಲ್ಲಿ ಶುರುವಾದ, ಸುಮಾರು 90 ಕಿ.ಮೀ. ಓಟ. ಡರ್ಬನ್ ಮತ್ತು ಪೀಟರ್‌ಮಾರಿಟ್ಸ್‌ಬರ್ಗ್ ನಡುವೆ ಓಡುತ್ತಾರೆ. 1893ರಲ್ಲಿ ಗಾಂಧೀಜಿಯವರನ್ನು ರೈಲಿನಿಂದ ಹೊರದಬ್ಬಿದ್ದು ಅದೇ ಪೀಟರ್‌ಮಾರಿಟ್ಸ್‌ಬರ್ಗ್ ನಿಲ್ದಾಣದಲ್ಲಿ. ಆ ಪ್ಲಾಟ್‌ಫಾರ್ಮಿನ ಮೇಲೊಮ್ಮೆ ನಿಲ್ಲಬೇಕು ಅಂತ ಆಸೆ.

ಹಂತ 10: ಮುಗಿದ ಮೇಲೆ, ಮನೆವರೆಗೆ

ಫಿನಿಶ್ ದಾಟಿದ ತಕ್ಷಣ ಕೂರಬೇಡಿ. ಹತ್ತು ಹದಿನೈದು ನಿಮಿಷ ನಿಧಾನವಾಗಿ ನಡೆಯಿರಿ. ಒದ್ದೆ ಬಟ್ಟೆ ಬದಲಿಸಿ. ಅರ್ಧ, ಮುಕ್ಕಾಲು ಗಂಟೆಯೊಳಗೆ ಏನಾದರೂ ಹೊಟ್ಟೆಗೆ ಹೋಗಲಿ. ನನಗೆ ಉಪ್ಪು ಹಾಕಿದ ಮಜ್ಜಿಗೆ, ಮೊಸರನ್ನಕ್ಕಿಂತ ಬೇರೆ ರುಚಿಸುವುದಿಲ್ಲ. ಹೋಟೆಲಿನವರಿಗೆ ಹಿಂದಿನ ದಿನವೇ ಹೇಳಿ, ಚೆಕ್ಔಟ್ ಒಂದೆರಡು ಗಂಟೆ ಮುಂದಕ್ಕೆ ಹಾಕಿಸಿಕೊಳ್ಳಿ. ಓಡಿ ಬಂದವರಿಗೆ ಸ್ನಾನಕ್ಕೆ ಜಾಗ ಇಲ್ಲದೆ ರೈಲ್ವೆ ನಿಲ್ದಾಣದಲ್ಲಿ ಕೂರುವುದು ಬಹಳ ಕಷ್ಟ.

ಓಟಕ್ಕೂ ರೈಲಿಗೂ ಮಧ್ಯೆ ಕನಿಷ್ಠ ಆರು ಗಂಟೆ ಇರಲಿ. ರೈಲಿನಲ್ಲಾಗಲಿ, ವಿಮಾನದಲ್ಲಾಗಲಿ ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ಹಾಕಿ, ಕೂತಲ್ಲೇ ಪಾದ ತಿರುಗಿಸಿ. ದಣಿದ ಕಾಲನ್ನು ಒಂದೇ ಭಂಗಿಯಲ್ಲಿ ಇಟ್ಟರೆ ರಕ್ತ ಹೆಪ್ಪುಗಟ್ಟುವ ಅಪಾಯ ಇದೆ. ಒಂದು ಮೀನಖಂಡ ಮಾತ್ರ ಊದಿ, ಬಿಸಿಯಾಗಿ, ನೋಯುತ್ತಿದ್ದರೆ ಮನೆಗೆ ಹೋಗಿ ನೋಡೋಣ ಅನ್ನದೆ ಡಾಕ್ಟರಿಗೆ ತೋರಿಸಿ. ಮೂತ್ರ ಕಪ್ಪು ಚಹಾದ ಬಣ್ಣಕ್ಕೆ ತಿರುಗಿದರೂ ಅಷ್ಟೇ.

ಊರಿಗೆ ಬಂದ ಮೇಲೆ ಒಂದು ವಾರ ಓಡಬೇಡಿ. ಕೆರೆ ಏರಿಯ ಮೇಲೆ ನಡೆಯಿರಿ. ಎರಡು ದಿನ ಮೆಟ್ಟಿಲು ಇಳಿಯುವುದು ಕಷ್ಟವಾಗುತ್ತದೆ, ಕಂಬಿ ಹಿಡಿದು ಅಡ್ಡಡ್ಡ ಇಳಿಯಿರಿ.

ವಾಪಸ್ ಬರುವ ರೈಲಿನಲ್ಲೇ ಒಂದು ಕೆಲಸ ಮಾಡುತ್ತೇನೆ. ನೋಟ್‌ಬುಕ್ಕಿನ ಒಂದು ಪುಟದಲ್ಲಿ ಎರಡು ಸಾಲು: ತಂದು ಬಳಸದ ವಸ್ತುಗಳು, ಬೇಕಾಗಿದ್ದೂ ತರದ ವಸ್ತುಗಳು. ಮುಂಬೈ ಪುಟದಲ್ಲಿ ಮೊದಲ ಸಾಲು ಪುಟದ ಕೊನೆಯವರೆಗೆ ಇದೆ. ಕಳೆದ ಸಲದ ಹೈದರಾಬಾದ್ ಪುಟದಲ್ಲಿ ಮೊದಲ ಸಾಲು ಖಾಲಿ. ಎರಡನೆಯದರಲ್ಲಿ ಒಂದೇ ಪದ ಇದೆ: ಚಮಚ. ಅವಲಕ್ಕಿಯನ್ನು ಕೈಯಲ್ಲೇ ತಿಂದೆ.